ಎಲ್‌ಟಿ-ಟ್ರಿಮ್: ಮಲಯಾಳ–ಕನ್ನಡ ಅನುವಾದಕದಲ್ಲಿ ಬಹುಕಾಲ ಬಳಸಿದ ಮೇಲೆ

ಕಾಸರಗೋಡಿನ ಕನ್ನಡಿಗರಿಗೆ ಮಲಯಾಳದ ನೋಟಿಸು ಹೊಸದೇನಲ್ಲ. 1956ರಿಂದಲೂ ಇರುವ ಪಾಡು ಅದು. ಅಂಥ ಕಾಗದಗಳ ತಾತ್ಪರ್ಯವಾದರೂ ಕನ್ನಡದಲ್ಲಿ ಸಿಗಲಿ ಎಂದು ‘ಅಪರ್ಟಿಯಂ’ ಬಳಸಿ ಪುಟ್ಟ ಅನುವಾದಕವೊಂದನ್ನು ಕಟ್ಟುತ್ತಿದ್ದೇನೆ. ಸ್ಪೇನಿನ ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ವ್ಯಾಕರಣ ನಿಯಮಗಳ ಮೇಲೆ ನಡೆಯುವ ಮುಕ್ತ ತಂತ್ರಾಂಶವಿದು. ಅದರೊಳಗಿನ ಚಿಕ್ಕ ಸಲಕರಣೆಯಾದ ಎಲ್‌ಟಿ-ಟ್ರಿಮ್ ಬಗ್ಗೆ ಈ ವಿಮರ್ಶೆ.

ಕೆಲಸ ಇಷ್ಟೆ: ಕಂಪೈಲ್ ಆದ (ಯಂತ್ರ ಓದುವ ರೂಪಕ್ಕೆ ತಂದ) ಮಲಯಾಳ ವಿಶ್ಲೇಷಕವನ್ನೂ, ಅಂದರೆ ಪದವನ್ನು ಮೂಲರೂಪ ಮತ್ತು ವ್ಯಾಕರಣ ಗುರುತುಗಳಾಗಿ ಬಿಡಿಸುವ ಭಾಗವನ್ನೂ, ಕಂಪೈಲ್ ಆದ ದ್ವಿಭಾಷಾ ನಿಘಂಟನ್ನೂ ಕೊಟ್ಟರೆ, ಎರಡನೆಯದರಲ್ಲಿ ಜೋಡಿಯಿಲ್ಲದ ಪದಗಳನ್ನು ಮೊದಲನೆಯದರಿಂದ ಕಳೆದು ಹೊಸ ಕಡತ ಕೊಡುತ್ತದೆ. ಕಳೆಯುವುದೇಕೆ? ತೆರಿಗೆ ನೋಟಿಸಿನಲ್ಲಿ ‘ಕುಡಿಶ್ಶಿಕಯುಡೆ’ (ಬಾಕಿಯ) ಎಂದಿದೆ ಎನ್ನಿ. ವಿಶ್ಲೇಷಕಕ್ಕೆ ಆ ಪದ ಗೊತ್ತು, ದ್ವಿಭಾಷಾ ನಿಘಂಟಿಗೆ ಗೊತ್ತಿಲ್ಲ. ಆಗ ಹೊರಬರುವುದು ‘@ಕುಡಿಶ್ಶಿಕ’ (‘@’ ಎಂದರೆ ಜೋಡಿಪದ ಸಿಗಲಿಲ್ಲ ಎಂಬ ಗುರುತು), ವಿಭಕ್ತಿ ಹಾರಿಹೋಗಿರುತ್ತದೆ. ಟ್ರಿಮ್ ಮಾಡಿದ (ಹೀಗೆ ಕಳೆದ) ಮೇಲೆ ಅದೇ ಪದ, ವಿಶ್ಲೇಷಕಕ್ಕೇ ಗೊತ್ತಿಲ್ಲ ಎಂಬ ‘*’ ಗುರುತಿನೊಂದಿಗೆ, ‘*ಕುಡಿಶ್ಶಿಕಯುಡೆ’ ಎಂದು ಇಡಿಯಾಗಿ ಉಳಿಯುತ್ತದೆ. ಮಲಯಾಳ ಕಿವಿಗೆ ಬಿದ್ದು ಬೆಳೆದ ನಮ್ಮೂರಿನವರಿಗೆ ಅಷ್ಟು ಸಾಕು.

ನನಗೆ ಹೆಚ್ಚು ಹಿಡಿಸಿದ್ದು, ಇದು ಮೂಲ ನಿಘಂಟಿನ ತಂಟೆಗೆ ಹೋಗದಿರುವುದು. ಹಿಂದೆ ಅಪರ್ಟಿಯಂನ ಒಂದೊಂದು ಭಾಷಾಜೋಡಿಯೂ ನಿಘಂಟಿನ ತನ್ನದೇ ಪ್ರತಿ ಇಟ್ಟುಕೊಳ್ಳುತ್ತಿತ್ತು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಲುಪುತ್ತಿರಲಿಲ್ಲ. ಈಗ ಒಂದೇ ನಿಘಂಟು ಹಲವು ಜೋಡಿಗಳಿಗೆ ಸಲ್ಲುತ್ತದೆ. ಜೋಡಿಪದ ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ವಿಶ್ಲೇಷಕ ತಾನಾಗಿ ಹಿಗ್ಗುತ್ತದೆ. ಪದದ ಮೂಲರೂಪ ಮತ್ತು ದ್ವಿಭಾಷಾ ನಿಘಂಟಿನಲ್ಲಿ ಕೊಟ್ಟಷ್ಟು ಟ್ಯಾಗ್ (ವ್ಯಾಕರಣ ಗುರುತು) ಹೊಂದಿದರಾಯಿತು, ಮುಂದಿನ ವಚನ, ವಿಭಕ್ತಿಗಳನ್ನು ಅದೇ ಒಪ್ಪಿಕೊಳ್ಳುತ್ತದೆ. ಪ್ರತ್ಯಯಗಳ ಮಾಲೆಯನ್ನೇ ಹೊತ್ತು ತಿರುಗುವ ಮಲಯಾಳಕ್ಕೆ ಇದು ದೊಡ್ಡ ಉಪಕಾರ.

ಆದರೆ ಬಾಯಿ ಬಿಡದ ಸ್ವಭಾವ. ಮಂಜೇಶ್ವರಕ್ಕೆ ವಿಶ್ಲೇಷಕದಲ್ಲಿ ಅಂಕಿತನಾಮದ ಟ್ಯಾಗ್, ದ್ವಿಭಾಷಾ ನಿಘಂಟಿನಲ್ಲಿ ಬರೀ ನಾಮಪದದ ಟ್ಯಾಗ್ ಇದ್ದರೆ ಊರೇ ಸದ್ದಿಲ್ಲದೆ ಮಾಯ! ನಿಘಂಟಿನ ಒಂದು ವಿಭಾಗವೇ ಖಾಲಿಯಾದರೆ ಮಾತ್ರ ಎಚ್ಚರಿಕೆ ಕೊಡುತ್ತದೆ. ಬಿಡಿ ಪದಗಳ ಲೆಕ್ಕ ಒಪ್ಪಿಸುವುದಿಲ್ಲ. ಇನ್ನೊಂದು ನಷ್ಟವೂ ಇದೆ. ಕಳೆದ ಪದ ನಾಮಪದವೋ ಕ್ರಿಯಾಪದವೋ ಎಂಬುದು ಮುಂದಿನ ಹಂತಗಳಿಗೆ ತಿಳಿಯದು, ಹಾಗಾಗಿ ಅಕ್ಕಪಕ್ಕದ ಪದಗಳ ಅರ್ಥನಿರ್ಣಯವೂ ಆಗಾಗ ಕೆಡುತ್ತದೆ. ಓದುಗರಿಗಾಗಿ ಈ ಬೆಲೆ ತೆರಬಹುದು, ನಿಯಮ ಬರೆಯುವವರಿಗೆ ಕಿರಿಕಿರಿ.

ಅದಕ್ಕೇ ಟ್ರಿಮ್ ಮಾಡದ ವಿಶ್ಲೇಷಕವನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಹಳೆಯ ನೋಟಿಸುಗಳನ್ನು ಅದರ ಮೂಲಕ ಹಾಯಿಸಿ ‘@’ ಬಿದ್ದ ಪದಗಳನ್ನು ಹೆಕ್ಕಿದರೆ, ಮುಂದೆ ಸೇರಿಸಬೇಕಾದ ಪದಗಳ ಪಟ್ಟಿ ಸಿದ್ಧ. ಐದರಲ್ಲಿ ನಾಲ್ಕು ತಾರೆ. ಕಳೆದ ಪದಗಳ ಪಟ್ಟಿಯನ್ನು ತಾನೇ ಬರೆದಿಡುವಂತಾದರೆ ಐದನೆಯದೂ ಸಲ್ಲುತ್ತದೆ.