ಯುರೋಪಿನ ಅನುದಾನದ ವೆಬ್‌ಸೈಟ್: ಲೆಕ್ಕ ಸಿಗುತ್ತದೆ, ಕಾರಣ ನೀವೇ ಹುಡುಕಬೇಕು

ಯುರೋಪಿಯನ್ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ ನಡೆಸುವ ಕೊಹೀಶನ್ ಓಪನ್ ಡೇಟಾ ಅಂತ ಒಂದು ವೆಬ್‌ಸೈಟ್ ಇದೆ. ಪ್ರದೇಶಗಳ ಅಭಿವೃದ್ಧಿಗೆ ಯುರೋಪಿಯನ್ ಒಕ್ಕೂಟ ಕೊಡುವ ಹಣದಲ್ಲಿ ಯಾವ ದೇಶಕ್ಕೆ ಎಷ್ಟು ಪಾಲು, ಅದರಲ್ಲಿ ಎಷ್ಟು ಖರ್ಚಾಗಿದೆ ಎಂದು ತೋರಿಸುವುದು ಇದರ ಕೆಲಸ. ಲಾಗಿನ್ ಬೇಡ, ದುಡ್ಡು ಕೊಡಬೇಕಿಲ್ಲ, ಅಂಕಿ ಅಂಶ ಪೂರ್ತಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸರ್ಕಾರಿ ಲೆಕ್ಕ ಕೆದಕುವ ಚಟ ಇರುವವರಿಗೆ ಒಳ್ಳೆಯ ಜಾಗ. ನನಗೆ ಆ ಚಟ ಇದೆ. ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಮಂಜೂರಾದ ಅನುದಾನವನ್ನು ಖರ್ಚು ಮಾಡುವುದಕ್ಕೂ ಕೆಲವು ಸರ್ಕಾರಗಳಿಗೆ ಯಾಕೆ ಆಗುವುದಿಲ್ಲ?

ಹಣ ಸಣ್ಣದಲ್ಲ. ಯುರೋಪಿಯನ್ ಪ್ರಾದೇಶಿಕ ಅಭಿವೃದ್ಧಿ ನಿಧಿ ಶುರುವಾಗಿದ್ದು 1975ರಲ್ಲಿ. ಈಗ ಅದು ಮತ್ತು ಅದರ ಜೊತೆಗಿರುವ ಬೇರೆ ನಿಧಿಗಳು ಸೇರಿ 2021ರಿಂದ 2027ರ ಅವಧಿಗೆ ಸುಮಾರು 39,200 ಕೋಟಿ ಯುರೋ. ಒಕ್ಕೂಟದ ಬಜೆಟ್‌ನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇದಕ್ಕೇ ಹೋಗುತ್ತದೆ. ತಲಾ ಆದಾಯ ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇರುವ ಪ್ರದೇಶಕ್ಕೆ ಕಾಮಗಾರಿ ವೆಚ್ಚದ ಶೇ 85ರವರೆಗೂ ಕೊಡುತ್ತಾರೆ. ಉಳಿದದ್ದನ್ನು ಆ ದೇಶವೇ ಹಾಕಿಕೊಳ್ಳಬೇಕು.

ಸೈಟ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಮೂರು ಹಂತದ ಲೆಕ್ಕ. ಯೋಜನೆಯಲ್ಲಿ ಇಟ್ಟಿದ್ದು ಎಷ್ಟು, ಕಾಮಗಾರಿಗಳನ್ನು ಆರಿಸಿ ಅವುಗಳಿಗೆ ಹಂಚಿದ್ದು ಎಷ್ಟು, ನಿಜವಾಗಿ ಖರ್ಚಾಗಿದ್ದು ಎಷ್ಟು. ಪ್ರತಿ ದೇಶಕ್ಕೂ ಇದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಒಂದೇ "ಬಿಡುಗಡೆಯಾದ ಅನುದಾನ" ಎಂಬ ಸಂಖ್ಯೆ ಹಿಡಿದು ಸಭೆಯಲ್ಲಿ ಮೇಜು ಕುಟ್ಟುವವರಿಗೆ ಇದು ಕಷ್ಟದ ಸೈಟ್. ಕೆಲವು ಕಡೆ ಎರಡನೇ ಹಂತ ಯೋಜನೆಯಲ್ಲಿ ಇಟ್ಟಿದ್ದರ ಶೇ 100 ದಾಟಿರುತ್ತದೆ. ಅದು ತಪ್ಪಲ್ಲ. ಕೆಲವು ಕಾಮಗಾರಿ ಮಧ್ಯದಲ್ಲೇ ಬಿದ್ದುಹೋಗುತ್ತವೆ ಎಂದು ಗೊತ್ತಿರುವ ಆಡಳಿತಗಳು ಬೇಕೆಂದೇ ಹೆಚ್ಚು ಕಾಮಗಾರಿ ಆರಿಸಿ ಇಟ್ಟುಕೊಳ್ಳುತ್ತವೆ.

ಇನ್ನು ಸೈಟ್ ಹೇಳದೆ ಬಿಡುವ ವಿಷಯಕ್ಕೆ ಬರೋಣ.

ಮೊದಲು ನಿಯಮ ಗೊತ್ತಿರಬೇಕು, ಇಲ್ಲದಿದ್ದರೆ ಚಾರ್ಟ್ ಸುಮ್ನೆ ಬಣ್ಣದ ಪಟ್ಟಿ. ಆರಂಭದಲ್ಲಿ ಸ್ವಲ್ಪ ಮುಂಗಡ ಬರುತ್ತದೆ, ಆಮೇಲೆ ದೇಶವೇ ಮೊದಲು ಖರ್ಚು ಮಾಡಿ ಬಿಲ್ ಕಳಿಸಬೇಕು, ಕಮಿಷನ್ ಅದನ್ನು ನೋಡಿ ವಾಪಸ್ ಕೊಡುತ್ತದೆ. 2014ರಿಂದ 2020ರ ಅವಧಿಯಲ್ಲಿ ಒಂದು ವರ್ಷದ ಪಾಲಿಗೆ ಮುಂದಿನ ಮೂರು ವರ್ಷದೊಳಗೆ ಬಿಲ್ ಹೋಗಬೇಕಿತ್ತು. 2018ರ ಹಣಕ್ಕೆ 2021ರ ಕೊನೆಯೇ ಗಡುವು. ತಪ್ಪಿದರೆ ಹಣ ಲ್ಯಾಪ್ಸ್. ಕೈಯಲ್ಲಿ ಕಾಸಿಲ್ಲದ ಸಣ್ಣ ಪುರಸಭೆ ಮೊದಲು ಎಲ್ಲಿಂದ ಖರ್ಚು ಮಾಡಬೇಕು ಹೇಳಿ? ತನ್ನ ಪಾಲು ಹೊಂದಿಸಬೇಕು, ಯೋಜನಾ ವರದಿ ಮಾಡಿಸಬೇಕು, ಟೆಂಡರ್ ಕರೆಯಬೇಕು, ಟೆಂಡರ್‌ನಲ್ಲಿ ಸೋತವನು ಕೋರ್ಟಿಗೆ ಹೋದರೆ ಕಾಯಬೇಕು, ಅಷ್ಟರಲ್ಲಿ ಚುನಾವಣೆ ಬಂದು ಮೇಯರ್ ಬದಲಾದರೆ ಹೊಸಬರಿಗೆ ಹಳೆಯ ಕಾಮಗಾರಿಯೇ ಬೇಡ. ಖರ್ಚಿನ ಕಾಲಂನಲ್ಲಿ ಇದೆಲ್ಲ ಒಂದೇ ಸಣ್ಣ ಶೇಕಡಾವಾರು ಆಗಿ ಕೂತಿರುತ್ತದೆ.

ರೊಮೇನಿಯಾ ನೋಡಿ. ಒಕ್ಕೂಟ ಸೇರಿದ್ದು 2007ರಲ್ಲಿ. 2007ರಿಂದ 2013ರ ಅವಧಿಯ ಹಣ ಬಳಸುವುದರಲ್ಲಿ ಅದು ತೀರಾ ಹಿಂದೆ ಬಿತ್ತು. ಬಡ ದೇಶ, ಹಣದ ಅಗತ್ಯ ಇತ್ತು, ಹಣವೂ ಇತ್ತು. ಕೊರತೆ ಇದ್ದದ್ದು ಕಾಮಗಾರಿ ರೂಪಿಸಿ, ಟೆಂಡರ್ ನಡೆಸಿ, ಬಿಲ್ ತಪಾಸಣೆ ಮಾಡಬಲ್ಲ ನುರಿತ ಸಿಬ್ಬಂದಿಗೆ. 2011ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಸಚಿವಾಲಯ ಮಾಡಿದರು. ಆದರೂ ಲೆಕ್ಕ ಸರಿಯಿಲ್ಲ ಎಂದು 2012ರಲ್ಲಿ ಕಮಿಷನ್ ಕೆಲವು ಕಾರ್ಯಕ್ರಮಗಳ ಪಾವತಿ ತಡೆಯಿತು. ಈಗಿನ ಅವಧಿಯಲ್ಲಿ ಪ್ರಾದೇಶಿಕ ಕಾರ್ಯಕ್ರಮಗಳ ಹೊಣೆಯನ್ನು ರಾಜಧಾನಿಯಿಂದ ತೆಗೆದು ಎಂಟು ಪ್ರಾದೇಶಿಕ ಅಭಿವೃದ್ಧಿ ಸಂಸ್ಥೆಗಳಿಗೆ ಕೊಟ್ಟಿದ್ದಾರೆ. ಇದರಿಂದ ಕೆಲಸ ಬೇಗ ಆಗುತ್ತದಾ ಎನ್ನುವುದು ಆ ಸಂಸ್ಥೆಗಳಲ್ಲಿ ಎಂಥ ಸಿಬ್ಬಂದಿ ಉಳಿಯುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಅಧಿಕಾರ ಕೊಟ್ಟ ತಕ್ಷಣ ಆಡಳಿತ ಬರುವುದಿಲ್ಲ, ಅಲ್ವಾ?

ಹೊಸ ದೇಶ, ಅನುಭವ ಇಲ್ಲ ಅಂತ ಸುಮ್ಮನಾಗೋಣ ಎಂದರೆ ಇಟಲಿ ಇದೆ. ಒಕ್ಕೂಟದ ಸ್ಥಾಪಕ ದೇಶಗಳಲ್ಲೊಂದು. ಅಲ್ಲಿನ ದಕ್ಷಿಣದ ಪ್ರದೇಶಗಳಿಗೆ ದಶಕಗಳಿಂದ ಹಣ ಹೋಗುತ್ತಿದೆ, ದಶಕಗಳಿಂದ ಗಡುವಿನ ಹತ್ತಿರ ಓಡಾಟವೂ ನಡೆಯುತ್ತಿದೆ. 2013ರಲ್ಲಿ ಇದರ ಉಸ್ತುವಾರಿಗೆ ಒಂದು ರಾಷ್ಟ್ರೀಯ ಸಂಸ್ಥೆ ಮಾಡಲು ಕಾನೂನು ತಂದರು. 2023ರಲ್ಲಿ ಇನ್ನೊಂದು ಸರ್ಕಾರ ಅದನ್ನು ಮುಚ್ಚಿ ಕೆಲಸವನ್ನೆಲ್ಲ ಪ್ರಧಾನಿ ಕಚೇರಿಯ ಕಡೆಗೆ ಎಳೆದುಕೊಂಡಿತು. ಆಗ ಈ ಖಾತೆಯ ಸಚಿವರಾಗಿದ್ದ ರಫಾಯೆಲೆ ಫಿತ್ತೊ 2024ರ ಡಿಸೆಂಬರ್‌ನಿಂದ ಕಮಿಷನ್‌ನಲ್ಲೇ ಇದೇ ನಿಧಿಗಳ ಹೊಣೆ ಹೊತ್ತಿದ್ದಾರೆ! ಅದಕ್ಕೂ ಮುಂಚೆ, 2000ದಿಂದ 2005ರವರೆಗೆ, ದಕ್ಷಿಣದ ಪುಲಿಯಾ ಪ್ರದೇಶದ ಅಧ್ಯಕ್ಷರಾಗಿದ್ದವರು. ಅನುದಾನ ಪಡೆಯುವ ಕುರ್ಚಿ, ಹಂಚುವ ಕುರ್ಚಿ, ಕೊಡುವ ಕುರ್ಚಿ, ಮೂರರಲ್ಲೂ ಕೂತಿದ್ದಾರೆ.

ರಾಜಕೀಯದ ಪಾಲು ಇನ್ನೂ ನೇರ. 2022ರ ಡಿಸೆಂಬರ್‌ನಲ್ಲಿ ಹಂಗೇರಿಗೆ ಹೋಗಬೇಕಿದ್ದ ಸುಮಾರು 630 ಕೋಟಿ ಯುರೋವನ್ನು ಒಕ್ಕೂಟದ ದೇಶಗಳು ಸೇರಿ ತಡೆದವು. ಟೆಂಡರ್ ವ್ಯವಸ್ಥೆ, ಭ್ರಷ್ಟಾಚಾರ ತಡೆ ಸರಿಯಿಲ್ಲ ಎನ್ನುವುದು ಕಾರಣ. ನ್ಯಾಯಾಂಗದಲ್ಲಿ ಸುಧಾರಣೆ ತಂದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಬೇರೆ ಕಾರಣಕ್ಕೆ ತಡೆದಿದ್ದ ಸುಮಾರು 1,020 ಕೋಟಿ ಯುರೋ ಬಿಟ್ಟರು. ಮೊದಲಿನ ತಡೆ ಮಾತ್ರ ಹಾಗೇ ಉಳಿಯಿತು. 2024ರ ಕೊನೆಗೆ ಅದರಲ್ಲಿ ನೂರು ಕೋಟಿಗೂ ಮೇಲ್ಪಟ್ಟ ಯುರೋ ಶಾಶ್ವತವಾಗಿ ಕೈತಪ್ಪಿತು.

ಪೋಲೆಂಡ್‌ನದು ಇದಕ್ಕೆ ಉಲ್ಟಾ. ಈ ಅವಧಿಯಲ್ಲಿ ಅತಿ ಹೆಚ್ಚು ಪಾಲು ಅದಕ್ಕೇ, ಸುಮಾರು 7,600 ಕೋಟಿ ಯುರೋ. ಹಣ ಬಳಸುವುದರಲ್ಲಿ ಹಳೆಯ ಕೈ. 16 ಪ್ರಾಂತ್ಯಗಳೂ ತಮ್ಮ ಕಾರ್ಯಕ್ರಮ ತಾವೇ ನಡೆಸುತ್ತವೆ. ಆದರೆ ನ್ಯಾಯಾಂಗದ ಸ್ವಾತಂತ್ರ್ಯದ ಜಗಳದಲ್ಲಿ ಬಿಲ್ ಪಾವತಿಯ ದಾರಿ ಮುಚ್ಚಿತ್ತು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಯಿತು. 2024ರ ಫೆಬ್ರುವರಿಯಲ್ಲಿ ಕೋವಿಡ್ ಚೇತರಿಕೆ ನಿಧಿಯೂ ಸೇರಿ 13,700 ಕೋಟಿ ಯುರೋವರೆಗಿನ ಹಣಕ್ಕೆ ಬಾಗಿಲು ತೆರೆಯಿತು. ಪ್ರಾಂತ್ಯಗಳ ಕಚೇರಿ ಅದೇ, ಕಾಮಗಾರಿ ಪಟ್ಟಿಯೂ ಅದೇ. ಹೊಸ ಸರ್ಕಾರ ಸುಧಾರಣೆಯ ಯೋಜನೆ ಮುಂದಿಟ್ಟಿದ್ದು ನಿಜ. ಆದರೆ ಬೇಕಾದ ಕಾನೂನುಗಳು ಪೂರ್ತಿ ಜಾರಿಯಾಗುವ ಮುಂಚೆಯೇ ಒಪ್ಪಿಗೆ ಸಿಕ್ಕಿತು. ನನ್ನ ಪ್ರಕಾರ ಕೊಡುವವರ ಕಡೆಯಲ್ಲೂ ರಾಜಕೀಯ ಇದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಚಾರ್ಟ್‌ನಲ್ಲಿ ಮಾತ್ರ ಖರ್ಚಿನ ಏರಿಳಿತ ಕಾಣುತ್ತದೆ, ಅದರ ಹಿಂದೆ ಚುನಾವಣೆ ಇತ್ತಾ ಟೆಂಡರ್ ಇತ್ತಾ ಎಂದು ತಿಳಿಯುವುದಿಲ್ಲ. ಪಕ್ಕದಲ್ಲಿ ಪತ್ರಿಕೆ ಇಟ್ಟುಕೊಂಡೇ ಓದಬೇಕು.

ಇನ್ನೊಂದು ದೂರು. ಖರ್ಚು ಜಾಸ್ತಿ ಆದಷ್ಟೂ ಆ ದೇಶ ಜಾಣ ಎನ್ನುವ ಭಾವನೆಯನ್ನು ಈ ಸೈಟ್ ಗೊತ್ತಿಲ್ಲದೆಯೇ ಹುಟ್ಟಿಸುತ್ತದೆ. ಅದು ಅಪಾಯ. ಗಡುವು ಹತ್ತಿರ ಬಂದಾಗ ಕೆಲವು ಸರ್ಕಾರಗಳು ತಮ್ಮ ಸ್ವಂತ ದುಡ್ಡಿನಲ್ಲಿ ಆಗಲೇ ಮಾಡುತ್ತಿದ್ದ ಅಥವಾ ಮುಗಿಸಿಬಿಟ್ಟಿದ್ದ ಕಾಮಗಾರಿಯನ್ನು ಈ ಲೆಕ್ಕಕ್ಕೆ ಸೇರಿಸಿ ಬಿಲ್ ಕಳಿಸಿದ್ದಿದೆ. ನಿಯಮದ ಒಳಗೇ ಇತ್ತು ಅನ್ನಿ. ಶೇಕಡಾವಾರು ಏರಿತು, ಊರಿಗೆ ಹೊಸದಾಗಿ ಏನೂ ಬರಲಿಲ್ಲ. 2007ರಿಂದ 2013ರ ಅವಧಿಯ ಕೊನೆಯ ವರ್ಷಗಳಲ್ಲಿ ಹಣ ಖರ್ಚು ಮಾಡಿಸುವ ಕಡೆಗೇ ಗಮನ ಹೋಯಿತು, ಫಲಿತಾಂಶದ ಕಡೆಗೆ ಸಾಲಲಿಲ್ಲ ಎಂದು ಒಕ್ಕೂಟದ ಲೆಕ್ಕಪರಿಶೋಧಕರೇ 2018ರಲ್ಲಿ ಬರೆದಿದ್ದಾರೆ. ಕೋವಿಡ್ ಬಂದಾಗ ಒಂದು ಲೆಕ್ಕವರ್ಷದ ಮಟ್ಟಿಗೆ ಪೂರ್ತಿ ಶೇ 100 ಒಕ್ಕೂಟವೇ ಕೊಡುವುದಕ್ಕೆ ಅವಕಾಶ ಮಾಡಿದರು. ದೇಶದ ಪಾಲು ಹೊಂದಿಸುವ ಕಷ್ಟ ತಪ್ಪಿತು, ಪಾವತಿ ಸರಾಗವಾಯಿತು. ಅದನ್ನು ಆಡಳಿತದ ಜಾಣ್ಮೆ ಅಂತ ಓದಿದರೆ ತಪ್ಪು.

ಕಾಮಗಾರಿ ಏನು, ಯಾವ ಊರಲ್ಲಿ, ಹಣ ಪಡೆದವರು ಯಾರು ಎಂದು ಬೇಕಿದ್ದರೆ ಕೊಹೇಸಿಯೊ ಎಂಬ ಇನ್ನೊಂದು ಸೈಟ್ ಇದೆ, 2022ರ ಮಾರ್ಚ್‌ನಲ್ಲಿ ಬಂದದ್ದು. ನಕ್ಷೆ ಇದೆ, ಒಕ್ಕೂಟದ ಎಲ್ಲ ಭಾಷೆಗಳಲ್ಲೂ ಇದೆ. ಮೊತ್ತ ನೋಡುವುದಕ್ಕೆ ಮೊದಲನೆಯದು, ಕಾಮಗಾರಿ ನೋಡುವುದಕ್ಕೆ ಇದು. ಎರಡನ್ನೂ ಒಂದೇ ಕಡೆ ಯಾಕೆ ಇಡಲಿಲ್ಲವೋ.

5ಕ್ಕೆ 3.5 ಕೊಡುತ್ತೇನೆ. ಮೊದಲ ಸಲ ನೋಡುವವರು 2014ರಿಂದ 2020ರ ಅವಧಿಯಿಂದ ಶುರು ಮಾಡಿ. ಅದರ ಖರ್ಚಿನ ಗಡುವು 2023ರ ಡಿಸೆಂಬರ್‌ಗೆ ಮುಗಿದಿದೆ, ಚಿತ್ರ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. 2021ರಿಂದ 2027ರದ್ದನ್ನು ನೋಡಿ ಯಾರನ್ನೂ ಸೋಮಾರಿ ಎನ್ನಬೇಡಿ. ಬಜೆಟ್‌ನ ಮೇಲೆ ಹಂಗೇರಿ ಮತ್ತು ಪೋಲೆಂಡ್ 2020ರ ಕೊನೆಗೆ ಪಟ್ಟು ಹಿಡಿದು ಕೂತವು, ನಿಯಮಾವಳಿ ಕೈಗೆ ಬರುವ ಹೊತ್ತಿಗೆ 2021ರ ಜೂನ್ ಆಗಿತ್ತು. ಜೊತೆಗೆ ಚೇತರಿಕೆ ನಿಧಿಗೆ 2026ರ ಆಗಸ್ಟ್‌ನ ಗಡುವು, ಇದಕ್ಕೆ 2029ರ ಕೊನೆಯವರೆಗೂ ಸಮಯ. ಎರಡೂ ಕಡತ ಒಂದೇ ಮೇಜಿಗೆ ಬರುವ ಕಚೇರಿಯಲ್ಲಿ ಅಧಿಕಾರಿ ಮೊದಲು ಯಾವುದಕ್ಕೆ ಸಹಿ ಹಾಕುತ್ತಾರೆ ಎಂದು ಬೇರೆ ಹೇಳಬೇಕಾ?