ತಾಯಿ ಕಾರ್ಡ್: ಹದಿಮೂರು ವರ್ಷ ಬಳಸಿದ ಮೇಲೆ

ಸರಕಾರ ಪುಕ್ಕಟೆಯಾಗಿ ಕೊಡುವ ವಸ್ತುವನ್ನು ಅಂಗಡಿಯ ಸರಕಿನಂತೆ ಪರೀಕ್ಷಿಸಿ ಬರೆಯುವ ರೂಢಿ ನಮ್ಮಲ್ಲಿಲ್ಲ. ಆದರೂ ಧಾರವಾಡದ ನಮ್ಮ ಮನೆಯಲ್ಲಿ, ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಉಳಿದುಕೊಂಡಿರುವ ಎರಡು ತಾಯಿ ಕಾರ್ಡುಗಳ, ಅಂದರೆ ಬಸುರಿಯ ಮತ್ತು ಕೂಸಿನ ಆರೋಗ್ಯ ಬರೆದಿಡುವ ಕಾರ್ಡುಗಳ ಬಗ್ಗೆ ಬರೆಯಬೇಕೆನಿಸಿದೆ. ಒಂದು 2012ರಲ್ಲಿ ಮಗಳು ಹೊಟ್ಟೆಯಲ್ಲಿದ್ದಾಗ ಕೊಟ್ಟದ್ದು, ಇನ್ನೊಂದು 2016ರಲ್ಲಿ ಮಗನಿಗಾಗಿ ಬಂದದ್ದು. ತೊಟ್ಟಿಲು, ತಳ್ಳುಗಾಡಿ, ಸ್ವೆಟರ್ ಎಲ್ಲವೂ ಬಳಗದವರ ಮನೆಗಳಿಗೆ ಹೋಗಿ ಆಗಿದೆ. ಇವೆರಡು ಮಾತ್ರ ಇನ್ನೂ ಬಳಕೆಯಲ್ಲಿವೆ. ಇತ್ತೀಚಿನ ಕಾರ್ಡುಗಳ ಮುದ್ರಣ ಬೇರೆಯಾಗಿದೆ. ನಾನು ಹೇಳುವುದೆಲ್ಲ ನಮ್ಮ ಕೈಯಲ್ಲಿರುವ ಹಳೆಯವುಗಳಿಗೆ ಸಂಬಂಧಿಸಿದ್ದು.

ಹೆಚ್ಚಿನ ಮನೆಗಳಲ್ಲಿ ಈ ಕಾರ್ಡನ್ನು ಲಸಿಕೆಯ ಚೀಟಿಯೆಂದೇ ತಿಳಿಯುತ್ತಾರೆ. ಸೂಜಿ ಹಾಕಿಸುವ ದಿನ ಹೊರತೆಗೆದು, ತಾರೀಖು ಬರೆಸಿ, ಮತ್ತೆ ಒಳಗಿಡುತ್ತಾರೆ. ಮೊದಲ ಎಂಟು ತಿಂಗಳು ನಾನೂ ಹಾಗೆಯೇ ಮಾಡಿದೆ. ಕಾರ್ಡಿನ ನಿಜವಾದ ಬೆಲೆ ಇರುವುದು ಒಳಗಿನ ತೂಕದ ಹಾಳೆಯಲ್ಲಿ. ಹೆಣ್ಣುಮಕ್ಕಳಿಗೊಂದು, ಗಂಡುಮಕ್ಕಳಿಗೊಂದು ಹಾಳೆ ಇದ್ದು, ಕೆಳಗೆ ತಿಂಗಳುಗಳು, ಬದಿಗೆ ಕಿಲೋ ಇರುತ್ತವೆ. ಹಸಿರು ಪಟ್ಟಿಯಲ್ಲಿ ಚುಕ್ಕೆ ಬಿದ್ದರೆ ವಯಸ್ಸಿಗೆ ತಕ್ಕ ತೂಕ, ಹಳದಿಯಲ್ಲಿ ಬಿದ್ದರೆ ಕಡಿಮೆ, ಕಿತ್ತಳೆಯಲ್ಲಿ ಬಿದ್ದರೆ ತೀರಾ ಕಡಿಮೆ. ಈ ಪಟ್ಟಿಗಳಿಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳು. ಅವುಗಳಿಗಾಗಿ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆಯಲಾಗಿತ್ತು, ಅವುಗಳಲ್ಲಿ ಭಾರತವೂ ಒಂದು. ‘ಪರದೇಶದ ಮಕ್ಕಳ ಲೆಕ್ಕ ನಮ್ಮ ಕೂಸಿಗೆ ಯಾಕೆ’ ಎಂದು ಮನೆಯಲ್ಲಿ ಹಿರಿಯರು ಕೇಳಿದಾಗ ಕೊಡಲು ನನ್ನ ಬಳಿ ಇದ್ದ ಉತ್ತರ ಇದೇ: ಆ ಲೆಕ್ಕದಲ್ಲಿ ದೆಹಲಿಯ ಮಕ್ಕಳೂ ಇದ್ದಾರೆ.

ತೂಗುವುದಕ್ಕೇ ನಮ್ಮ ಅತ್ತೆಯವರ ವಿರೋಧವಿತ್ತು. ತಿಂಗಳು ತಿಂಗಳು ತೂಗಿದರೆ ಕೂಸಿಗೆ ದೃಷ್ಟಿಯಾಗುತ್ತದೆ ಎಂಬುದು ಅವರ ಭಯ. ಅಂಗನವಾಡಿಯಲ್ಲಿ ಜಂತಿಗೆ ತೂಗುಬಿಟ್ಟ ತಕ್ಕಡಿಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ ಮಗಳನ್ನು ಅದರಲ್ಲಿ ಕೂರಿಸಿದಾಗ, ಧಾರವಾಡದ ಮಳೆಗಾಲದ ಥಂಡಿಗೆ ಹೆದರಿ ಕುಂಚಿಗೆ, ಸ್ವೆಟರು ಯಾವುದನ್ನೂ ಬಿಚ್ಚಲು ಅವರು ಬಿಡುತ್ತಿರಲಿಲ್ಲ. ಹೀಗಾಗಿ ಜುಲೈ ತಿಂಗಳ ನಮ್ಮ ಚುಕ್ಕೆ ಸುಳ್ಳು ಚುಕ್ಕೆ, ಅದರಲ್ಲಿ ಉಣ್ಣೆಯ ತೂಕವೂ ಸೇರಿದೆ. ಕಾರ್ಡು ಕೊಡುವಾಗ ಬಟ್ಟೆ ಬಿಚ್ಚಿ ತೂಗಬೇಕೆಂಬ ಒಂದು ಸಾಲನ್ನು ಯಾರಾದರೂ ಒತ್ತಿ ಹೇಳಿದ್ದರೆ ಚೆನ್ನಾಗಿತ್ತು.

ಒಂಬತ್ತನೆಯ ತಿಂಗಳಲ್ಲಿ ಈ ಹಾಳೆ ನಮ್ಮ ಕಣ್ಣು ತೆರೆಸಿತು. ಮಗಳು ಆಟವಾಡುತ್ತಿದ್ದಳು, ನಗುತ್ತಿದ್ದಳು, ಚುಕ್ಕೆಯೂ ಹಸಿರಿನಲ್ಲೇ ಇತ್ತು. ಆದರೆ ಏಳು, ಎಂಟು, ಒಂಬತ್ತನೆಯ ತಿಂಗಳ ಮೂರು ಚುಕ್ಕೆಗಳನ್ನು ಕೂಡಿಸಿದಾಗ ಗೆರೆ ಅಡ್ಡಡ್ಡ ಮಲಗಿತ್ತು. ಅಂಗನವಾಡಿಯ ಟೀಚರ್ ಹೇಳಿದ ಮಾತು ನನಗಿನ್ನೂ ನೆನಪಿದೆ: “ಅಕ್ಕಾರ, ಚುಕ್ಕಿ ನೋಡಬ್ಯಾಡ್ರಿ, ಗೆರಿ ನೋಡ್ರಿ.” ಕೂಸಿಗೆ ಏನು ತಿನ್ನಿಸುತ್ತೀರಿ ಎಂದು ವಿಚಾರಿಸಿದರು. ನಾವು ಆರು ತಿಂಗಳು ತುಂಬಿದಾಗಿನಿಂದ ಬೇಳೆಯ ಕಟ್ಟು ಮತ್ತು ತಿಳಿ ಗಂಜಿಯನ್ನು ಬಟ್ಟಲುಗಟ್ಟಲೆ ಕುಡಿಸಿ, ಹೊಟ್ಟೆ ತುಂಬಿತೆಂದು ಸಮಾಧಾನ ಪಡುತ್ತಿದ್ದೆವು. ಹೊಟ್ಟೆ ತುಂಬುತ್ತಿದ್ದದ್ದು ನೀರಿನಿಂದ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿಯಾಗಿ ಹೆಸರುಬೇಳೆ ಅನ್ನವನ್ನು ನುರಿದು, ತುಪ್ಪ ಹಾಕಿ, ದಿನಕ್ಕೆ ಮೂರು ಹೊತ್ತು ಕೊಡಲು ಆರಂಭಿಸಿದ ಮೇಲೆ ಗೆರೆ ಮತ್ತೆ ಎದ್ದಿತು. ಆ ತಿರುವು ಕಾರ್ಡಿನಲ್ಲಿ ಈಗಲೂ ಕಾಣುತ್ತದೆ.

ಒಂದು ವರ್ಷ ದಾಟಿದ ಮೇಲೆ ಗೆರೆ ಚಪ್ಪಟೆಯಾದಂತೆ ಕಂಡರೆ ಗಾಬರಿಯಾಗಬೇಕಿಲ್ಲ ಎಂಬುದನ್ನೂ ಇದೇ ಹಾಳೆ ಕಲಿಸಿತು, ಏಕೆಂದರೆ ಹಸಿರು ಪಟ್ಟಿಯೇ ಅಲ್ಲಿ ಬಾಗುತ್ತದೆ. ಆ ಮಾನದಂಡದ ಪ್ರಕಾರ ಹುಟ್ಟಿದಾಗ ಸುಮಾರು 3.2 ಕಿಲೋ ಇರುವ ಹೆಣ್ಣುಮಗು ವರ್ಷ ತುಂಬುವಾಗ 8.9 ಕಿಲೋ ಮುಟ್ಟುತ್ತದೆ, ಎರಡು ವರ್ಷಕ್ಕೆ 11.5 ಕಿಲೋ. ಅಂದರೆ ಮೊದಲ ವರ್ಷದಲ್ಲಿ ಏರಿದ್ದರ ಅರ್ಧದಷ್ಟೂ ಎರಡನೆಯ ವರ್ಷದಲ್ಲಿ ಏರುವುದಿಲ್ಲ. ‘ಈಗೀಗ ಉಣ್ಣೋದ ಬಿಟ್ಟಾಳ’ ಎಂದು ಎಲ್ಲ ಮನೆಗಳಲ್ಲೂ ದೂರು ಹುಟ್ಟುವುದು ಸರಿಯಾಗಿ ಈ ಕಾಲಕ್ಕೇ. ಬೆಳೆಯುವ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ತುತ್ತು ಹಿಡಿದು ಓಣಿಯ ತುಂಬ ಕೂಸಿನ ಹಿಂದೆ ಓಡುವವರಿಗೆ ಈ ಹಾಳೆಯನ್ನೊಮ್ಮೆ ತೋರಿಸಬೇಕು.

ಚಿತ್ರಗಳ ಪುಟದ ಬಗ್ಗೆ ನನಗೆ ಅಷ್ಟು ಮೆಚ್ಚುಗೆಯಿಲ್ಲ. ನಗುವುದು, ಕತ್ತು ನಿಲ್ಲುವುದು, ಕೂಡುವುದು, ನಡೆಯುವುದು ಎಂದು ಚಿತ್ರಗಳೇನೋ ಅಂದವಾಗಿವೆ, ಓದು ಬಾರದವರಿಗೂ ತಿಳಿಯುತ್ತವೆ. ತೊಂದರೆಯಿರುವುದು ಅವನ್ನು ತಿಂಗಳಿಗೆ ಕಟ್ಟಿಹಾಕಿದ ರೀತಿಯಲ್ಲಿ. ಮಗ ಅಂಬೆಗಾಲಿಡಲೇ ಇಲ್ಲ, ಕುಂಡೆಯ ಮೇಲೆ ಸರಿಯುತ್ತ ಕೊನೆಗೆ ಹದಿನಾಲ್ಕನೆಯ ತಿಂಗಳಲ್ಲಿ ನೇರವಾಗಿ ಎದ್ದು ನಡೆದ. ಅಷ್ಟರೊಳಗೆ ನಾವು ಎರಡು ಕಡೆ ತೋರಿಸಿಯಾಗಿತ್ತು, ಗುಡಿಯಲ್ಲಿ ಹರಕೆ ಹೊತ್ತೂ ಆಗಿತ್ತು. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆದದ್ದು ಸುಮಾರು 8ರಿಂದ 18 ತಿಂಗಳೊಳಗೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದವು. ತೂಕಕ್ಕೆ ಅಗಲವಾದ ಹಸಿರು ಪಟ್ಟಿ ಕೊಟ್ಟವರು ನಡಿಗೆಗೂ ಅಂಥದೊಂದು ಪಟ್ಟಿ ಕೊಡಬಹುದಿತ್ತು. ಹಾಗೆಂದು ಚಿತ್ರಗಳನ್ನು ಕಡೆಗಣಿಸಬಾರದು: ಎರಡು ತಿಂಗಳಾದರೂ ಮುಖ ನೋಡಿ ನಗದ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂಡದ, ಎರಡು ವರ್ಷವಾದರೂ ಎರಡು ಶಬ್ದ ಕೂಡಿಸದ ಮಗುವನ್ನು ‘ನಮ್ಮ ಮನೆತನದಾಗ ಎಲ್ಲಾರೂ ತಡಾನ’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲೇಬೇಕು.

ದೊಡ್ಡ ಕೊರತೆಯೆಂದರೆ ನಮ್ಮ ಕಾರ್ಡಿನಲ್ಲಿ ಎತ್ತರಕ್ಕೆ ಜಾಗವೇ ಇಲ್ಲ. ಬರೀ ತೂಕದಿಂದ ಮಗು ಸೊರಗಿದೆಯೋ ಗಿಡ್ಡವಾಗಿಯೇ ಬೆಳೆಯುತ್ತಿದೆಯೋ ಹೇಳಲಾಗದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆ ಕೊರತೆಯನ್ನು ತಕ್ಕಡಿಯೊಂದೇ ಹಿಡಿಯಲಾರದು.

ಇನ್ನೊಂದು ಕೊರತೆ, ಹಾಳೆ ಮೂರು ವರ್ಷಕ್ಕೆ ಮುಗಿಯುತ್ತದೆ. ಮುಂದಿನ ಹದಿನೈದು ವರ್ಷದ ಬೆಳವಣಿಗೆ ಎಲ್ಲಿ ಬರೆಯಬೇಕು? ಶಾಲೆಯಲ್ಲಿ ಆರೋಗ್ಯ ತಂಡದವರು ಬಂದು ಅಳೆಯುತ್ತಾರೆ ಎಂದು ಮಗಳು ಹೇಳುತ್ತಿದ್ದಳು, ಆದರೆ ಆ ಅಂಕಿಗಳು ಒಮ್ಮೆಯೂ ಮನೆ ಮುಟ್ಟಲಿಲ್ಲ. ಕೊನೆಗೆ ಮಕ್ಕಳ ವೈದ್ಯರೊಬ್ಬರಿಂದ ಭಾರತೀಯ ಮಕ್ಕಳ ವೈದ್ಯರ ಸಂಘವು 2015ರಲ್ಲಿ ಹೊರತಂದ, ಐದರಿಂದ ಹದಿನೆಂಟು ವರ್ಷದವರೆಗಿನ ಹಾಳೆಯ ಪ್ರತಿ ತೆಗೆದುಕೊಂಡು ಕಾರ್ಡಿಗೇ ಅಂಟಿಸಿದೆ. ಮಕ್ಕಳ ಹುಟ್ಟುಹಬ್ಬದಂದು ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಟ್ಟು ಗುರುತು ಹಾಕಿ ಅಳೆಯುತ್ತೇವೆ.

ಐದರಿಂದ ಹತ್ತರವರೆಗೆ ಬರೆಯುವಂಥದ್ದು ಹೆಚ್ಚಿಲ್ಲ, ವರ್ಷಕ್ಕೆ ಐದಾರು ಸೆಂಟಿಮೀಟರು, ಎರಡು ಮೂರು ಕಿಲೋ. ಹನ್ನೊಂದರಲ್ಲಿ ಮಗಳು ಒಂದೇ ವರ್ಷಕ್ಕೆ ಎಂಟು ಸೆಂಟಿಮೀಟರು ಏರಿದಳು. ಅವಳಿಗಿಂತ ಆರು ತಿಂಗಳು ಹಿರಿಯನಾದ ಅಣ್ಣ, ನನ್ನ ಅಕ್ಕನ ಮಗ, ಅವಳ ಭುಜಕ್ಕೆ ಬಂದು ನಿಂತಾಗ ಅವನ ಮನೆಯಲ್ಲಿ ಹಾಲಿಗೆ ಬೆರೆಸುವ ಪುಡಿಯ ಡಬ್ಬಿಗಳು ಬಂದವು. ಹುಡುಗಿಯರ ಈ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆಂಬುದು ಅಂಟಿಸಿದ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ. ಹುಡುಗಿಯರಲ್ಲಿ ಎಂಟು ತುಂಬುವ ಮೊದಲೇ ಪ್ರೌಢತೆಯ ಲಕ್ಷಣ ಕಂಡರೆ ಅಥವಾ ಹದಿಮೂರಾದರೂ ಕಾಣದಿದ್ದರೆ, ಹುಡುಗರಲ್ಲಿ ಒಂಬತ್ತಕ್ಕೆ ಮೊದಲೇ ಕಂಡರೆ ಅಥವಾ ಹದಿನಾಲ್ಕಾದರೂ ಕಾಣದಿದ್ದರೆ ಮಾತ್ರ ವೈದ್ಯರನ್ನು ಕಾಣಬೇಕು. ಪುಡಿಯ ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ಮಗಳು ದೊಡ್ಡವಳಾದ ಮೇಲೆ ಅವಳ ಗೆರೆ ಮೆಲ್ಲಗೆ ಬಾಗತೊಡಗಿದೆ. ಸಾಮಾನ್ಯವಾಗಿ ಮುಟ್ಟು ಆರಂಭವಾದ ಮೇಲೆ ಉಳಿಯುವುದು ಐದಾರು ಸೆಂಟಿಮೀಟರಿನ ಬೆಳವಣಿಗೆ ಮಾತ್ರ. ಹೀಗಾಗಿ ಆರತಿ ಮಾಡಿ ಕೊಬ್ಬರಿ, ಬೆಲ್ಲ, ತುಪ್ಪ ಉಣಿಸುವ ನಮ್ಮ ಪದ್ಧತಿ ಒಳ್ಳೆಯದೇ ಆದರೂ, ಅದು ಎರಡು ವರ್ಷ ಮೊದಲೇ ಆರಂಭವಾಗಬೇಕಿತ್ತು ಎನಿಸುತ್ತದೆ.

ಅಂಕ ಕೊಡುವುದಾದರೆ ತೂಕದ ಹಾಳೆಗೆ ಐದಕ್ಕೆ ಐದು, ಚಿತ್ರಗಳಿಗೆ ಮೂರು, ಕಾಗದದ ಗುಣಕ್ಕೆ ಎರಡು. ಮಡಿಕೆಯಲ್ಲಿ ಎರಡೂ ಹರಿದಿವೆ. ಅಂಟಿಸಿದ ಹಾಳೆಗಳಿಂದ ದಪ್ಪವಾಗಿ ಮಗಳ ಕಾರ್ಡು ಈಗ ಮುಚ್ಚುವುದೇ ಇಲ್ಲ, ದಾರ ಸುತ್ತಿ ಇಡುತ್ತೇವೆ. ಮಗನ ಕಾರ್ಡಿನಲ್ಲಿ ಜಿಗಿತದ ವರ್ಷಗಳ ಜಾಗ ಇನ್ನೂ ಖಾಲಿಯಿದೆ.