ಆರು ವರ್ಷ ಬಳಸಿದ ಮೇಲೆ: ನಮ್ಮ ತಾರಸಿ ತೋಟದ ವಾಟ್ಸಾಪ್ ಗುಂಪು

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ತಾರಸಿ ತೋಟದವರ ಗುಂಪು ಇದು. 2019ರ ಜೂನ್‌ನಲ್ಲಿ ಸೇರಿದೆ, ಈಗಲೂ ಇದ್ದೇನೆ. ದುಡ್ಡು ಕಾಸು ಏನೂ ಇಲ್ಲ. ಗುಂಪಿನ ಹೆಸರು ಬರೆಯುವುದಿಲ್ಲ. ನಡೆಸುವವರು ಒಳ್ಳೆಯ ಜನ, ಅವರಿಗೆ ನೋವಾಗಬಾರದು. ಅಲ್ಲದೆ ನಾನು ಹೇಳುವ ಮಾತು ಹಕ್ಕಿ ನೋಡುವವರ ಗುಂಪಿಗೂ, ಕ್ಯಾಮೆರಾ ಹಿಡಿದವರ ಗುಂಪಿಗೂ, ಸೈಕಲ್ ಗುಂಪಿಗೂ ಅಷ್ಟೇ ಹೊಂದುತ್ತದೆ.

ಹೊಸದಾಗಿ ಗಿಡ ಬೆಳೆಸುವವರಿಗೆ ಈ ಗುಂಪಿಗೆ 5ಕ್ಕೆ 4 ಅಂಕ ಕೊಡುತ್ತೇನೆ. ಐದಾರು ವರ್ಷ ಮಣ್ಣಲ್ಲಿ ಕೈ ಆಡಿಸಿದವರಿಗೆ 5ಕ್ಕೆ 2. ಒಂದೇ ಗುಂಪಿಗೆ ಎರಡು ಅಂಕ ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೇರಿದಾಗ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ತಾರಸಿಯ ಮೇಲೆ ಎಂಟೇ ಕುಂಡ ಇದ್ದವು. ಗುಲಾಬಿ ಎಲೆ ಹಳದಿಗೆ ತಿರುಗಿತ್ತು. ಫೋಟೋ ಹಾಕಿ "ಏನು ಮಾಡಲಿ?" ಅಂತ ಕೇಳಿದೆ. ಹರಿಹರದ ನಿವೃತ್ತ ಮೇಷ್ಟ್ರೊಬ್ಬರು ಗುಂಪಿನಲ್ಲಿದ್ದರು. ಅವರು ಉತ್ತರ ಕೊಡಲಿಲ್ಲ, ನನ್ನನ್ನೇ ಕೇಳಿದರು. ಹಳದಿ ಆಗಿರೋದು ಮೇಲಿನ ಚಿಗುರೋ, ಕೆಳಗಿನ ಹಳೇ ಎಲೆಯೋ? ನರ ಹಸಿರಾಗೇ ಇದೆಯಾ? ಹಾಕೋದು ಬೋರ್ ನೀರೋ ನಲ್ಲಿ ನೀರೋ? ಮಣ್ಣಿಗೆ ಏನೇನು ಬೆರೆಸಿದ್ದೀರಿ? ಕುಂಡದ ತಳದ ತೂತು ಕಟ್ಟಿಲ್ಲ ತಾನೆ?

ಚಿಗುರೆಲೆ ಹಳದಿ, ನರ ಹಸಿರು, ಬೋರ್ ನೀರು. ಮಣ್ಣು ಹಗುರಾಗಲಿ ಅಂತ ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟಿನ ಬೂದಿ ತಂದು ಧಾರಾಳವಾಗಿ ಬೆರೆಸಿದ್ದೆ. ನಮ್ಮ ಊರಲ್ಲಿ ಅದು ಸುಲಭವಾಗಿ ಸಿಗುತ್ತದೆ ಅಲ್ವಾ? ಮೇಷ್ಟ್ರು ಬಿಡಿಸಿ ಹೇಳಿದರು. ಬೂದಿ ಕ್ಷಾರ, ಗಡಸು ಬೋರ್ ನೀರೂ ಕ್ಷಾರ. ಎರಡೂ ಸೇರಿದರೆ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮೊದಲು ಸೊರಗುವುದು ಹೊಸ ಚಿಗುರು. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೇ ಎಲೆ. ಗಿಡವೇ ಹೇಳ್ತಾ ಇರುತ್ತೆ, ಎಲ್ಲಿಂದ ಶುರುವಾಗಿದೆ ಅಂತ ನೋಡಬೇಕು ಅಷ್ಟೆ.

ಮಣ್ಣು ಬದಲಿಸಿದೆ. ಎರೆಗೊಬ್ಬರ ಹಾಕಿದೆ. ಮಳೆ ನೀರು ಹಿಡಿದಿಟ್ಟು ಹಾಕಿದೆ. ಐರನ್ ಚೀಲೇಟ್ ಅಂತ ಗಿಡ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣದ ಪುಡಿ ಬರುತ್ತದೆ, ಅದನ್ನು ನೀರಲ್ಲಿ ಕರಗಿಸಿ ಎಲೆಗೆ ಸಿಂಪಡಿಸಿದೆ. ಮೂರು ವಾರಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಖುಷಿಯಲ್ಲಿ ಫೋಟೋ ಹಾಕಿದೆ. ಮೇಷ್ಟ್ರು ಬರೆದರು: "ಒಳ್ಳೇದಾಯ್ತು ತಂಗಿ. ಬೂದಿ ವಿಷಯ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಇನ್ನೊಬ್ರಿಗೂ ಹಿಂಗೇ ಆಗಿತ್ತು, ಈಗ ಗಟ್ಟಿಯಾಯ್ತು." ಇದನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣ ಇದೆ. ನನಗೆ ಗಿಡ ಉಳಿಯಿತು, ಅವರಿಗೆ ಒಂದು ಅನುಭವ ಸಿಕ್ಕಿತು. ಕೊಟ್ಟವರೂ ಪಡೆದರು. ಆ ಮೊದಲ ಮೂರು ವರ್ಷ ಗುಂಪು ನಡೆದದ್ದು ಹೀಗೇ. ಆಗ ಕೇಳಿದ್ದರೆ ಕಣ್ಣು ಮುಚ್ಚಿ 5ಕ್ಕೆ 5 ಕೊಡುತ್ತಿದ್ದೆ.

ನಮ್ಮ ಗುಂಪಿಗೆ ಹೊಸಬರು ಬರುವುದು ಜೂನ್‌ನಲ್ಲಿ. ಮುಂಗಾರು ಬಿತ್ತು ಅಂದರೆ ಎಲ್ಲರಿಗೂ ಗಿಡ ಹಚ್ಚುವ ಆಸೆ. ಒಂದೆರಡು ತಿಂಗಳು ಅದದೇ ಪ್ರಶ್ನೆ ಬರುತ್ತಿದ್ದವು. ಹಳಬರು ತಾಳ್ಮೆಯಿಂದ ಹೇಳುತ್ತಿದ್ದರು. ದಸರೆ ಹೊತ್ತಿಗೆ ಆ ಹೊಸಬರೇ ಪಳಗಿ ಬೇರೆಯವರಿಗೆ ಹೇಳುವಷ್ಟಾಗುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತವರೆಲ್ಲ ತಾರಸಿ ಹತ್ತಿದರು. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ ಇತ್ತು, ಹಾಗಾಗಿ ಹೇಗೋ ನಡೆಯಿತು. 2022ರಲ್ಲಿ ಆ ಮಿತಿ ಮೊದಲು 512, ಆಮೇಲೆ 1024 ಆಯಿತು. ಬಾಗಿಲು ತೆರೆದಂತೆ ಜನ ಬಂದರು. ಜೂನ್ ಮುಗಿಯಲೇ ಇಲ್ಲ.

ಇದನ್ನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗನಿಗೆ ಹೇಳಿದಾಗ ಅವನು ಒಂದು ಹಳೆಯ ಕಥೆ ಹೇಳಿದ. ಇಂಟರ್ನೆಟ್ ಎಲ್ಲರ ಕೈಗೆ ಬರುವ ಮೊದಲು ಅಮೆರಿಕದಲ್ಲಿ ಯೂಸ್‌ನೆಟ್ ಅಂತ ಚರ್ಚೆಯ ಜಾಗ ಇತ್ತಂತೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರು ಅಲ್ಲಿಗೆ ಬರುತ್ತಿದ್ದರು. ಹಳಬರು ಸ್ವಲ್ಪ ದಿನ ಗೋಳಾಡಿ ಅವರಿಗೆ ರೀತಿ ರಿವಾಜು ಕಲಿಸುತ್ತಿದ್ದರು. 1993ರ ಹೊತ್ತಿಗೆ ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳು ತಮ್ಮ ಗ್ರಾಹಕರನ್ನೆಲ್ಲ ಅಲ್ಲಿಗೆ ಬಿಡತೊಡಗಿದವು. ವರ್ಷಪೂರ್ತಿ ಹೊಸಬರು ಬರುತ್ತಲೇ ಇದ್ದರು, ಕಲಿಸಿ ಮುಗಿಯಲೇ ಇಲ್ಲ. ಆ ಕಾಲಕ್ಕೆ ಮುಗಿಯದ ಸೆಪ್ಟೆಂಬರ್ ಅಂತಲೇ ಹೆಸರು ಬಿದ್ದಿದೆಯಂತೆ. ಕೇಳಿ ನನಗೆ ಒಂಥರಾ ಸಮಾಧಾನ ಆಯಿತು. ಮೂವತ್ತು ವರ್ಷದ ಹಿಂದೆ ಎಲ್ಲೋ ಆದದ್ದೇ ನಮ್ಮ ತಾರಸಿ ಮೇಲೂ ಆಗಿದೆ.

ಹಾಗಂತ ಹೊಸಬರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹೊಸಬಳಾಗೇ ಬಂದವಳು. ಕೆಟ್ಟದ್ದು ಪ್ರಶ್ನೆಯಿಂದಲ್ಲ, ಉತ್ತರದಿಂದ. ಈಗ ಯಾರಾದರೂ ಹಳದಿ ಎಲೆಯ ಫೋಟೋ ಹಾಕಿದರೆ ಎರಡು ನಿಮಿಷದಲ್ಲಿ ಹತ್ತು ಉತ್ತರ ಬಂದಿರುತ್ತವೆ. ಎಪ್ಸಮ್ ಸಾಲ್ಟ್ ಹಾಕಿ. ಮಜ್ಜಿಗೆ ಹಾಕಿ. ಟೀ ಚರಟ ಹಾಕಿ. ಎಪ್ಸಮ್ ಸಾಲ್ಟ್‌ನಲ್ಲಿರುವುದು ಮೆಗ್ನೀಸಿಯಂ. ಹಳೇ ಎಲೆಯ ನರದ ನಡುವೆ ಹಳದಿಯಾಗಿದ್ದರೆ ಅದರಿಂದ ಉಪಯೋಗ ಆಗಬಹುದು. ಕುಂಡದಲ್ಲಿ ನೀರು ನಿಂತು ಬೇರು ಕೊಳೆತಿದ್ದರೆ ಏನು ಹಾಕಿ ಏನು ಬಂತು? ಮೆಣಸಿನ ಗಿಡದ ಎಲೆ ಮುದುರಿದರೂ ಹಾಗೇ. ಮೇಲಕ್ಕೆ ದೋಣಿಯಂತೆ ಮುದುರಿದರೆ ಹೆಚ್ಚಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಮಗುಚಿದರೆ ಮೈಟ್ ನುಸಿ. ಔಷಧ ಬೇರೆ ಬೇರೆ. ಆದರೆ ಇದನ್ನು ಕೇಳುವಷ್ಟು ವ್ಯವಧಾನ ಯಾರಿಗೂ ಇಲ್ಲ.

ತಿಳಿದವರು ಸರಿಯಾದ ಉತ್ತರ ಬರೆಯಲು ಇಪ್ಪತ್ತು ನಿಮಿಷ ಬೇಕು. ಫೋಟೋ ದೊಡ್ಡದು ಮಾಡಿ ನೋಡಬೇಕು, ಎಲೆಯ ಹಿಂಬದಿ ತೋರಿಸಿ ಅಂತ ಕೇಳಬೇಕು, ಕಾಯಬೇಕು. ಅಷ್ಟರಲ್ಲಿ ಕೇಳಿದವರು ಮೊದಲ ಉತ್ತರ ಹಿಡಿದು ಹೋಗಿಯಾಗಿರುತ್ತದೆ. "ಅದು ಸರಿಯಲ್ಲ" ಅಂತ ಬರೆದರೆ ವಾದ ಶುರು. ಅಡ್ಮಿನ್ ಬಂದು "ಇಬ್ಬರು ಹೇಳಿದ್ದೂ ಸರಿ, ಮುಂದೆ ಹೋಗೋಣ" ಅನ್ನುತ್ತಾರೆ. ಜಗಳ ಬೇಡ ಅಂತ ಒಳ್ಳೆ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ಹಾಗಂದ ದಿನ ಬಲ್ಲವರ ಮಾತಿಗೂ ಬಾಯಿಗೆ ಬಂದ ಮಾತಿಗೂ ಒಂದೇ ಬೆಲೆ ಆಯಿತು.

ಒಂದು ಸಲ ಒಬ್ಬರು ಅರ್ಕಾ ರಕ್ಷಕ್ ಟೊಮೆಟೊದ ಬೀಜ ಒಣಗಿಸಿ ಎಲ್ಲರಿಗೂ ಹಂಚಲು ಹೊರಟರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಎಲೆ ಮುದುಡು ನಂಜು, ಸೊರಗು ರೋಗ, ಎಲೆ ಚುಕ್ಕೆ ಮೂರನ್ನೂ ತಡೆಯುತ್ತದೆ. ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಬಿತ್ತಿದರೆ ತಾಯಿ ಗುಣ ಹಾಗೇ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ. ಕೃಷಿ ಓದಿದ ಹುಡುಗನೊಬ್ಬ ಇದನ್ನು ಮೆತ್ತಗೆ ಹೇಳಿದ. "ಪ್ರೀತಿಯಿಂದ ಕೊಡ್ತಿದ್ದಾರೆ, ಯಾಕೆ ಕೊಂಕು ತೆಗೀತೀರಿ?" ಅಂತ ನಾಲ್ಕು ಜನ ಮೇಲೆ ಬಿದ್ದರು. ಅವನು ಕ್ಷಮೆ ಕೇಳಿದ. ಆಮೇಲೆ ಅವನು ಬರೆದದ್ದು ನಾನು ನೋಡಿಲ್ಲ. ಇದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವತ್ತು ನಾನೂ ಅವನ ಪರ ಒಂದು ಮಾತು ಬರೆಯಬೇಕಿತ್ತು. ಬರೆಯಲಿಲ್ಲ.

ಹಳಬರು ಬಾಗಿಲು ಬಡಿದು ಹೋಗುವುದಿಲ್ಲ. ಮೊದಲು ದಿನಕ್ಕೆರಡು ಉತ್ತರ ಕೊಡುತ್ತಿದ್ದವರು ವಾರಕ್ಕೊಂದು ಕೊಡುತ್ತಾರೆ. ಆಮೇಲೆ ಬರೀ ಹಬ್ಬದ ದಿನ ಕೈಮುಗಿಯುವ ಚಿತ್ರ. ಆಮೇಲೆ ಅದೂ ಇಲ್ಲ. 2022ರ ಆಗಸ್ಟ್‌ನಲ್ಲಿ ವಾಟ್ಸಾಪ್ ಹೊಸ ಅನುಕೂಲ ತಂದಿತು. ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಗೊತ್ತಾಗುತ್ತದೆ. ಮುಜುಗರ ಇಲ್ಲದೆ ಹೊರಡಲು ಒಳ್ಳೆಯದೇ. ಆದರೆ ಮೇಷ್ಟ್ರು ಹೋದದ್ದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಹಿಟ್ಟು ತಿಗಣೆ ಬಗ್ಗೆ ಅವರನ್ನು ಕೇಳೋಣ ಅಂತ ಹುಡುಕಿದಾಗ. ಏಳುನೂರು ಜನರ ನಡುವಿಂದ ಅವರು ಎದ್ದು ಹೋಗಿದ್ದರು, ಒಬ್ಬರೂ ಗಮನಿಸಿರಲಿಲ್ಲ.

ಆಮೇಲೆ ಒಂದು ನರ್ಸರಿಯಲ್ಲಿ ಸಿಕ್ಕರು. "ಯಾಕ್ರೀ ಮೇಷ್ಟ್ರೇ ಬಿಟ್ರಿ? ಯಾರಾದ್ರೂ ಏನಾದ್ರೂ ಅಂದ್ರಾ?" ಅಂತ ಕೇಳಿದೆ.

"ಯಾರೂ ಏನೂ ಅಂದಿಲ್ಲ ತಂಗಿ. ಬರ್ತಾರೆ, ಕೇಳ್ತಾರೆ, ಹೋಗ್ತಾರೆ. ಆ ಗಿಡ ಬದುಕ್ತೋ ಸತ್ತೋಯ್ತೋ ಒಬ್ರೂ ಬಂದು ಹೇಳಲ್ಲ. ನಾನು ಹೇಳಿದ್ದು ಸರಿಯೋ ತಪ್ಪೋ ನನಗೆ ಹೆಂಗೆ ಗೊತ್ತಾಗ್ಬೇಕು? ನೋಟ್‌ಬುಕ್ ಖಾಲಿ ಬಿದ್ದಿದೆ ನೋಡು."

ನಾನು ಅಲ್ಲಿಯವರೆಗೆ ಬೇರೆ ಏನೇನೋ ಅಂದುಕೊಂಡಿದ್ದೆ. ಹಳಬರಿಗೆ ಬೇಸರ ಬಂತು, ಜಂಬ ಬಂತು, ವಯಸ್ಸಾಯಿತು ಅಂತ. ಅಸಲಿಗೆ ಅವರಿಗೆ ಬರಬೇಕಾದ್ದು ಬರುವುದು ನಿಂತಿತ್ತು. ಅವರು ದುಡ್ಡು ಕೇಳಲಿಲ್ಲ, ಹೊಗಳಿಕೆಯೂ ಬೇಕಿರಲಿಲ್ಲ. ಗಿಡದ ಕಥೆಯ ಕೊನೆ ಬೇಕಿತ್ತು.

ಈ ಮಾತು ಕೇಳಿದ ಮೇಲೆ ನನ್ನದೇ ಉತ್ತರಗಳನ್ನು ಒಂದು ತಿಂಗಳು ಬರೆದಿಟ್ಟೆ. ನಲವತ್ತರ ಹತ್ತಿರ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ. ತಿರುಗಿ ಬಂದು ಏನಾಯಿತು ಅಂತ ಹೇಳಿದವರು ಮೂರೇ ಜನ. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಹಳಬರು ಪ್ರಶ್ನೆ ಕೇಳಿದರೆ ಉತ್ತರ ಹುಟ್ಟುವುದಿಲ್ಲ. ನನ್ನ ಅಂಜೂರದ ಕಾಯಿ ಬಟಾಣಿ ಗಾತ್ರ ಆಗುತ್ತಲೇ ಉದುರುತ್ತಿತ್ತು. ಫೋಟೋ ಹಾಕಿ ಕೇಳಿದೆ. "ಸೂಪರ್ ಮೇಡಂ", "ತಾರಸಿ ಮೇಲೆ ಅಂಜೂರ, ಗ್ರೇಟ್" ಅಂತ ಹದಿನೈದು ಮೆಸೇಜ್ ಬಂದವು. ಕಾರಣ ಒಬ್ಬರೂ ಹೇಳಲಿಲ್ಲ. ಕೊನೆಗೆ ಮೇಷ್ಟ್ರೇ ಮನೆಗೆ ಬಂದು ಕುಂಡ ಮಗುಚಿ ತೋರಿಸಿದರು. ಬೇರು ಒಳಗೇ ಸುತ್ತಿ ಸುತ್ತಿ ಹಗ್ಗವಾಗಿತ್ತು. ಹಾಕಿದ ನೀರು ಬದಿಯಿಂದ ಜಾರಿ ತಳಕ್ಕೆ ಹೋಗುತ್ತಿತ್ತು. ಗಿಡ ಬಾಯಾರಿ ಕಾಯಿ ಬಿಡುತ್ತಿತ್ತು.

ನಾವು ಹನ್ನೊಂದು ಜನ ಹಳಬರು ಬೇರೆ ಗುಂಪು ಕಟ್ಟಿಯೂ ನೋಡಿದೆವು. ಶುಭೋದಯ ಇಲ್ಲ, ಫಾರ್ವರ್ಡ್ ಇಲ್ಲ, ಬೀಜದ ಪ್ಯಾಕೆಟ್ ಮಾರುವವರಿಲ್ಲ. ಒಂದು ತಿಂಗಳು ಸ್ವರ್ಗ ಅನ್ನಿಸಿತು. ನಾಲ್ಕು ತಿಂಗಳಿಗೆ ತಣ್ಣಗಾಯಿತು. ಎಲ್ಲರಿಗೂ ಎಲ್ಲ ಗೊತ್ತಿರುವ ಕಡೆ ಕೇಳುವವರು ಯಾರು? ಹಳಬರಿಗೆ ಹೊಸಬರು ಬೇಕೇ ಬೇಕು. ಉತ್ತರ ಹೇಳುತ್ತಾ ಹೇಳುತ್ತಾ ನಮಗೇ ಎಷ್ಟೋ ವಿಷಯ ಸ್ಪಷ್ಟವಾಗುತ್ತದೆ. ಈಗ ನಾವು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ತಾರಸಿಯಲ್ಲಿ ಸೇರುತ್ತೇವೆ. ಕಡ್ಡಿ, ಬೀಜ ಬದಲಾಯಿಸಿಕೊಳ್ಳುತ್ತೇವೆ. ಗುಂಪು ಬಿಟ್ಟವರಲ್ಲಿ ಯಾರೂ ತೋಟ ಬಿಟ್ಟಿಲ್ಲ. ಇದು ದೊಡ್ಡ ಗುಂಪಿನವರಿಗೆ ಗೊತ್ತೇ ಇಲ್ಲ.

ಆ್ಯಪ್ ಬಗ್ಗೆ ಎರಡು ಮಾತು. ಫೋನ್ ಇದ್ದವರೆಲ್ಲ ಬಳಸಬಲ್ಲರು, ಓದು ಬರಹ ಕಷ್ಟ ಅನ್ನುವವರು ಧ್ವನಿಯಲ್ಲಿ ಕೇಳಬಹುದು. ಚನ್ನಗಿರಿ ಹಳ್ಳಿಯ ಅಜ್ಜಿಯೊಬ್ಬರು ಅವರೆಯ ಹಳೇ ತಳಿಗಳ ಬಗ್ಗೆ ಕಳಿಸಿದ ಧ್ವನಿ ಇನ್ನೂ ನನ್ನ ಫೋನಿನಲ್ಲಿದೆ. ಮಾತು ಮಾತ್ರ ಹೊಳೆ ನೀರಿನಂತೆ ಹರಿದು ಹೋಗುತ್ತದೆ. ಅದು ಆ್ಯಪ್‌ನ ತಪ್ಪಲ್ಲ. ಅದನ್ನು ಮಾಡಿರುವುದೇ ಮಾತಾಡಲಿಕ್ಕೆ. ಮೇಷ್ಟ್ರು ಬರೆದ ನೂರಾರು ಉತ್ತರಗಳನ್ನು ನಾವು ಯಾರೂ ಒಂದು ಕಡೆ ಬರೆದಿಡಲಿಲ್ಲ. ಅದು ನಮ್ಮ ತಪ್ಪು.

ಹೋದ ಮಳೆಗಾಲದಿಂದ ನಾನು ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ದಿನಕ್ಕೆ ಒಂದೇ ಪ್ರಶ್ನೆಗೆ ಉತ್ತರ, ಅದನ್ನೂ ಪೂರ್ತಿ ವಿಚಾರಿಸಿ. ಕೊನೆಯಲ್ಲಿ "ಹದಿನೈದು ದಿನ ಬಿಟ್ಟು ಇದೇ ಗಿಡದ ಫೋಟೋ ಹಾಕಿ, ಸತ್ತಿದ್ದರೂ ಹಾಕಿ" ಅಂತ ಬರೆಯುತ್ತೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನಾನೇ ನೆನಪಿಸುತ್ತೇನೆ. ಸುಮಾರು ಜನ ಹಾಕುತ್ತಿದ್ದಾರೆ. ಒಬ್ಬಳು ಹುಡುಗಿಯ ನಿಂಬೆ ಗಿಡ ನಾನು ಹೇಳಿದಂತೆ ಮಾಡಿಯೂ ಒಣಗಿತು. ಎಲೆಯೊಳಗೆ ಗೆರೆ ಕೊರೆಯುವ ರಂಗೋಲಿ ಹುಳ ಅಂದುಕೊಂಡಿದ್ದೆ, ಬೇರೆಯೇ ಏನೋ ಇತ್ತು. ಅವಳ ಫೋಟೋಗಳನ್ನು ಭಾನುವಾರದ ಸಭೆಗೆ ಒಯ್ದೆ. ಒಂದು ತಾಸು ಮಾತಾಯಿತು. ಮೇಷ್ಟ್ರು ನೋಟ್‌ಬುಕ್ ತೆಗೆದರು.

ನೀವು ಹೊಸಬರಾದರೆ ಇಂಥ ಗುಂಪಿಗೆ ಖಂಡಿತ ಸೇರಿ. ಎಲೆಯ ಎರಡೂ ಬದಿ, ಕುಂಡ, ಮಣ್ಣು ಕಾಣುವಂತೆ ಫೋಟೋ ತೆಗೆಯಿರಿ. ಯಾವ ನೀರು ಅಂತ ಬರೆಯಿರಿ. ಮೊದಲು ಬಂದ ಉತ್ತರಕ್ಕೆ ಓಡಬೇಡಿ, ತಿರುಗಿ ಪ್ರಶ್ನೆ ಕೇಳುವವರು ಯಾರು ಅಂತ ನೋಡಿ, ಅವರ ಹೆಸರು ನೆನಪಿಟ್ಟುಕೊಳ್ಳಿ. ಏನಾಯಿತು ಅಂತ ಬಂದು ಹೇಳಿ.

ನೀವು ಹಳಬರಾದರೆ ನನ್ನ 2 ಅಂಕ ಸದ್ಯಕ್ಕೆ ಹಾಗೇ ಇರಲಿ. ನಾನು ಮುಂದಿನ ಜೂನ್‌ವರೆಗೆ ಇರುತ್ತೇನೆ. ಆ ನಿಂಬೆಯ ಹುಡುಗಿ ಇನ್ನೊಂದು ಗಿಡ ತಂದಿದ್ದಾಳೆ, ಅದು ಹೇಗೆ ಬರುತ್ತದೆ ಅಂತ ನೋಡಬೇಕು.